ಹಂಗರ್ ಗೇಮ್ಸ್ ಸರಣಿಯ ಅಭಿಮಾನಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಅಕ್ಕನ ಮಗಳು ಒಂಬತ್ತನೇ ತರಗತಿಯಲ್ಲಿದ್ದಾಗ ಅಂಚು ಮಡಚಿಹೋದ ಒಂದು ಪುಸ್ತಕವನ್ನು ನನ್ನ ಕೈಗಿಟ್ಟು, "ಚಿಕ್ಕಮ್ಮ, ಮೊದಲ ಅಧ್ಯಾಯ ಒಂದನ್ನು ಓದಿ ನೋಡು, ಆಮೇಲೆ ಬೇಕಾದರೆ ವಾಪಸು ಕೊಡು" ಎಂದಳು. ಅದನ್ನು ನಾನು ವಾಪಸು ಕೊಡಲಿಲ್ಲ. ಅಂದಿನಿಂದ ಈ ಸರಣಿಯನ್ನು ಮತ್ತೆ ಮತ್ತೆ ಓದಿದ್ದೇನೆ, ಮನೆಯಲ್ಲಿ ಒಂದು ಸಣ್ಣ ಓದುವ ಗುಂಪನ್ನೂ ನಡೆಸಿಕೊಂಡು ಬಂದಿದ್ದೇನೆ. ಹೊಸದಾಗಿ ಸೇರಿದ ಓದುಗರು, ಅವರ ತಂದೆತಾಯಿಯರು ಮತ್ತು ಸಿನಿಮಾ ನೋಡಿ ಪುಸ್ತಕಕ್ಕೆ ಬಂದವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಮೂರನೆಯ ಪುಸ್ತಕದ ಕೊನೆಯನ್ನು ಎಲ್ಲಿಯೂ ಬಿಟ್ಟುಕೊಟ್ಟಿಲ್ಲ. ಮೊದಲ ಪುಸ್ತಕದ ಕೆಲವು ಘಟನೆಗಳ ಪ್ರಸ್ತಾಪ ಮಾತ್ರ ಅನಿವಾರ್ಯವಾಗಿ ಬರುತ್ತದೆ.

ಸರಣಿಯಲ್ಲಿ ಎಷ್ಟು ಪುಸ್ತಕಗಳಿವೆ? ಯಾವುದರಿಂದ ಆರಂಭಿಸಬೇಕು?

ಅಮೆರಿಕದ ಲೇಖಕಿ ಸುಜಾನ್ ಕಾಲಿನ್ಸ್ ಬರೆದಿರುವ ಐದು ಕಾದಂಬರಿಗಳು ಈ ಸರಣಿಗೆ ಸೇರಿವೆ. 'ದ ಹಂಗರ್ ಗೇಮ್ಸ್' 2008ರಲ್ಲಿ, 'ಕ್ಯಾಚಿಂಗ್ ಫೈರ್' 2009ರಲ್ಲಿ, 'ಮಾಕಿಂಗ್‌ಜೇ' 2010ರಲ್ಲಿ ಪ್ರಕಟವಾದವು. ಕ್ಯಾಟ್ನಿಸ್ ಎವರ್‌ಡೀನ್ ಎಂಬ ಹುಡುಗಿಯ ಕಥೆ ಈ ಮೂರರಲ್ಲಿ ಮುಗಿಯುತ್ತದೆ. ಹತ್ತು ವರ್ಷಗಳ ಬಳಿಕ, 2020ರಲ್ಲಿ, ಕ್ಯಾಟ್ನಿಸಳ ಕಾಲಕ್ಕಿಂತ 64 ವರ್ಷ ಹಿಂದಿನ ಕಥೆಯುಳ್ಳ 'ದ ಬ್ಯಾಲಡ್ ಆಫ್ ಸಾಂಗ್‌ಬರ್ಡ್ಸ್ ಅಂಡ್ ಸ್ನೇಕ್ಸ್' ಬಂತು. 2025ರ ಮಾರ್ಚ್‌ನಲ್ಲಿ 'ಸನ್‌ರೈಸ್ ಆನ್ ದ ರೀಪಿಂಗ್' ಬಂತು. ಅದು ಕ್ಯಾಟ್ನಿಸಳ ಮಾರ್ಗದರ್ಶಕನಾದ ಹೇಮಿಚ್ ತನ್ನ ಹದಿನಾರನೆಯ ವಯಸ್ಸಿನಲ್ಲಿ ಎದುರಿಸಿದ ಐವತ್ತನೆಯ ಆಟದ ಕಥೆ.

ಕಥಾಕಾಲದ ಕ್ರಮದಲ್ಲಿ ಓದಬೇಕೆಂದು ಕೆಲವರು ವಾದಿಸುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಪ್ರಕಟಣೆಯ ಕ್ರಮದಲ್ಲಿಯೇ ಓದಿ. ನಾಲ್ಕನೆಯ ಪುಸ್ತಕದಲ್ಲಿ ಒಂದು ಹಾಡು ಹುಟ್ಟುವ ಗಳಿಗೆ ಬರುತ್ತದೆ. ಅದೇ ಹಾಡನ್ನು ಮೂರನೆಯ ಪುಸ್ತಕದಲ್ಲಿ ಕ್ಯಾಟ್ನಿಸಳ ಬಾಯಲ್ಲಿ ಕೇಳಿದವರಿಗೆ ಮಾತ್ರ ಆ ಗಳಿಗೆ ಮೈ ಜುಮ್ಮೆನ್ನಿಸುತ್ತದೆ. ಮುದಿ ರಾಷ್ಟ್ರಾಧ್ಯಕ್ಷ ಸ್ನೋನ ಕ್ರೌರ್ಯವನ್ನು ಮೊದಲು ಕಂಡು, ಆಮೇಲೆ ಹದಿನೆಂಟು ವರ್ಷದ, ಹಸಿದ ಹೊಟ್ಟೆಯ, ಇಸ್ತ್ರಿ ಮಾಡಿದ ಅಂಗಿಗಾಗಿ ಪರದಾಡುವ ಸ್ನೋನನ್ನು ಭೇಟಿಯಾದಾಗ ಹುಟ್ಟುವ ಕಸಿವಿಸಿ ತಿರುಗುಮುರುಗಾಗಿ ಓದಿದವರಿಗೆ ದಕ್ಕುವುದಿಲ್ಲ.

ಕಥೆಯೇ ಗೊತ್ತಿಲ್ಲದವರಿಗೆ ಇದನ್ನು ಹೇಗೆ ವಿವರಿಸುವುದು?

ಉತ್ತರ ಅಮೆರಿಕ ಪಾಳುಬಿದ್ದ ಮೇಲೆ ಅಲ್ಲಿ ಹುಟ್ಟಿದ ದೇಶದ ಹೆಸರು ಪ್ಯಾನೆಮ್. ನಡುವೆ ಸಿರಿವಂತ ರಾಜಧಾನಿ ಕ್ಯಾಪಿಟಲ್. ಸುತ್ತ ಅದಕ್ಕಾಗಿ ದುಡಿಯುವ ಹನ್ನೆರಡು ಡಿಸ್ಟ್ರಿಕ್ಟ್‌ಗಳು. ಹಿಂದೊಮ್ಮೆ ದಂಗೆಯೆದ್ದ ತಪ್ಪಿಗೆ ಪ್ರತಿ ಡಿಸ್ಟ್ರಿಕ್ಟ್ ವರ್ಷಕ್ಕೊಮ್ಮೆ 12ರಿಂದ 18 ವರ್ಷದೊಳಗಿನ ಒಬ್ಬ ಹುಡುಗನನ್ನೂ ಒಬ್ಬ ಹುಡುಗಿಯನ್ನೂ ಚೀಟಿ ಎತ್ತಿ ಆರಿಸಿ ಕಳುಹಿಸಬೇಕು. ಆ 24 ಮಕ್ಕಳು ಒಂದು ಅಖಾಡದಲ್ಲಿ ಒಬ್ಬರೇ ಉಳಿಯುವವರೆಗೆ ಕಾದಾಡಬೇಕು. ಇಡೀ ದೇಶ ಅದನ್ನು ಟೀವಿಯಲ್ಲಿ ನೋಡಲೇಬೇಕು. ಇದೇ ಹಂಗರ್ ಗೇಮ್ಸ್ ಎಂಬ ಆಟ. ಆ ಮಕ್ಕಳಿಗೆ ಮೂಲದಲ್ಲಿರುವ ಹೆಸರು 'ಟ್ರಿಬ್ಯೂಟ್', ಎಂದರೆ ಕಪ್ಪ. ಕಿತ್ತೂರು ಚೆನ್ನಮ್ಮನ ಕಥೆ ಕೇಳಿ ಬೆಳೆದ ನಮಗೆ ಕಪ್ಪ ಎಂಬ ಮಾತಿನ ಅವಮಾನವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಚೀಟಿ ಎತ್ತುವ ದಿನದ ಹೆಸರು 'ರೀಪಿಂಗ್', ಎಂದರೆ ಕೊಯ್ಲು. ಸುಗ್ಗಿಯ ಸಂತೋಷದ ಪದವನ್ನು ಮಕ್ಕಳ ಕುತ್ತಿಗೆಗೆ ಹಿಡಿದಿರುವುದು ಕನ್ನಡದಲ್ಲಿ ಇನ್ನೂ ಹರಿತವಾಗಿ ತಾಗುತ್ತದೆ.

ಚೀಟಿಯ ಲೆಕ್ಕವನ್ನು ನಾನು ಹೊಸಬರಿಗೆ ಯಾವಾಗಲೂ ಕಾಗದದ ಮೇಲೆ ಬರೆದು ತೋರಿಸುತ್ತೇನೆ, ಏಕೆಂದರೆ ಆ ಸಮಾಜದ ಅನ್ಯಾಯವೆಲ್ಲ ಆ ಒಂದು ಕೂಡುವ ಲೆಕ್ಕದಲ್ಲಿ ಅಡಗಿದೆ. ಹನ್ನೆರಡನೆಯ ವಯಸ್ಸಿಗೆ ಪ್ರತಿ ಮಗುವಿನ ಹೆಸರಿನ ಒಂದು ಚೀಟಿ ಬೀಳುತ್ತದೆ, ಪ್ರತಿ ವರ್ಷ ಒಂದೊಂದು ಹೆಚ್ಚುತ್ತದೆ. ಹಸಿದವರು ಇನ್ನೊಂದು ಚೀಟಿ ಹಾಕಿಸಿಕೊಂಡರೆ ಒಬ್ಬರಿಗೆ ಒಂದು ವರ್ಷಕ್ಕೆ ಸಾಲುವಷ್ಟು, ಅದೂ ಅರೆಹೊಟ್ಟೆಗೆ, ಧಾನ್ಯ ಮತ್ತು ಎಣ್ಣೆ ಸಿಗುತ್ತದೆ. ಇದನ್ನು ಮನೆಯ ಪ್ರತಿಯೊಬ್ಬರ ಹೆಸರಿನಲ್ಲೂ ಪಡೆಯಬಹುದು, ಆದರೆ ಚೀಟಿಗಳು ವರ್ಷದಿಂದ ವರ್ಷಕ್ಕೆ ಕೂಡುತ್ತಲೇ ಹೋಗುತ್ತವೆ. ಹನ್ನೆರಡನೆಯ ಡಿಸ್ಟ್ರಿಕ್ಟ್‌ನ ಕ್ಯಾಟ್ನಿಸ್ ತನಗೆ, ತಾಯಿಗೆ, ತಂಗಿ ಪ್ರಿಮ್‌ಗೆ ಎಂದು ವರ್ಷಕ್ಕೆ ಮೂರು ಹೆಚ್ಚು ಚೀಟಿ ಹಾಕಿಸುತ್ತಾಳೆ. ಹದಿನಾರನೆಯ ವಯಸ್ಸಿಗೆ ಅವಳ ಹೆಸರಿನಲ್ಲಿ 20 ಚೀಟಿಗಳಿವೆ. ಐದು ಜನರ ಸಂಸಾರವನ್ನು ಹೊತ್ತ ಅವಳ ಗೆಳೆಯ ಗೇಲ್‌ನ ಹೆಸರಿನಲ್ಲಿ ಹದಿನೆಂಟಕ್ಕೆ 42. ಉಳ್ಳವರ ಮನೆಯ ಹದಿನೆಂಟರ ಹುಡುಗನಿಗೆ ಏಳೇ ಏಳು. ಚೀಟಿ ಎತ್ತುವ ಕೈ ನಿಷ್ಪಕ್ಷಪಾತವಾಗಿಯೇ ಇರುತ್ತದೆ. ಗಾಜಿನ ಬುಟ್ಟಿ ಮಾತ್ರ ಮೊದಲೇ ಬಡವರ ಹೆಸರುಗಳಿಂದ ತುಂಬಿರುತ್ತದೆ. ಇಷ್ಟಾದ ಮೇಲೂ ಎದ್ದು ಬರುವುದು ಒಂದೇ ಒಂದು ಚೀಟಿಯಿದ್ದ ಪ್ರಿಮ್‌ನ ಹೆಸರು, ಮತ್ತು ಕ್ಯಾಟ್ನಿಸ್ ತಂಗಿಯ ಬದಲಿಗೆ ತಾನೇ ಮುಂದೆ ಬರುತ್ತಾಳೆ.

ಲೇಖಕಿಗೆ ಈ ಕಥೆ ಹೊಳೆದದ್ದು ಹೇಗೆ?

ಒಂದು ರಾತ್ರಿ ಟೀವಿಯಲ್ಲಿ ಚಾನೆಲ್ ಬದಲಿಸುತ್ತಿದ್ದಾಗ ಒಂದು ಕಡೆ ಯುವಜನರು ಸ್ಪರ್ಧಿಸುವ ರಿಯಾಲಿಟಿ ಶೋ, ಇನ್ನೊಂದು ಕಡೆ ಇರಾಕ್ ಯುದ್ಧದ ದೃಶ್ಯಗಳು ಬರುತ್ತಿದ್ದು, ಅವೆರಡೂ ಮನಸ್ಸಿನಲ್ಲಿ ಕಲಸಿಹೋದವು ಎಂದು ಕಾಲಿನ್ಸ್ ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. ಅವರ ತಂದೆ ಅಮೆರಿಕದ ವಾಯುಪಡೆಯ ಅಧಿಕಾರಿ. ಮಗಳು ಆರು ವರ್ಷದವಳಿದ್ದಾಗ ವಿಯೆಟ್ನಾಂ ಯುದ್ಧಕ್ಕೆ ಹೋದರು. ಯುದ್ಧ ಎಂದರೆ ಊಟದ ಮೇಜಿನಲ್ಲಿ ಖಾಲಿಯಾದ ಒಂದು ಕುರ್ಚಿ ಎಂಬುದನ್ನು ಬಾಲ್ಯದಲ್ಲೇ ಕಂಡವರು ಈ ಪುಸ್ತಕಗಳನ್ನು ಬರೆದಿದ್ದಾರೆ ಎನ್ನುವುದು ಓದುವಾಗ ನೆನಪಿರಲಿ.

ಪುರಾಣದ ಎಳೆಯೊಂದೂ ಇದೆ. ಗ್ರೀಕ್ ಕಥೆಯಲ್ಲಿ ಅಥೆನ್ಸ್ ನಗರ ಏಳು ಹುಡುಗರನ್ನೂ ಏಳು ಹುಡುಗಿಯರನ್ನೂ ಕ್ರೀಟ್‌ನ ಚಕ್ರವ್ಯೂಹದಂಥ ಕಟ್ಟಡದಲ್ಲಿದ್ದ ಗೂಳಿಮೊಗದ ರಾಕ್ಷಸನಿಗೆ ಕಳುಹಿಸುತ್ತದೆ; ರಾಜಕುಮಾರ ಥೀಸಿಯಸ್ ತಾನೇ ಮುಂದೆ ಬಂದು ಅವರೊಡನೆ ಹೋಗುತ್ತಾನೆ. ಇದನ್ನು ಓದಿದಾಗ ನನಗೆ ತಟ್ಟನೆ ನೆನಪಾದದ್ದು ಮಹಾಭಾರತದ ಏಕಚಕ್ರನಗರ. ಸರದಿಯಂತೆ ಮನೆಗೊಬ್ಬರು ಬಂಡಿ ಅನ್ನದೊಂದಿಗೆ ಬಕಾಸುರನ ಬಳಿಗೆ ಹೋಗಬೇಕು. ಬ್ರಾಹ್ಮಣನ ಮನೆಯ ಸರದಿ ಬಂದ ರಾತ್ರಿ ತಂದೆ ನಾನು ಹೋಗುತ್ತೇನೆ ಎನ್ನುತ್ತಾನೆ, ತಾಯಿ ನಾನು ಎನ್ನುತ್ತಾಳೆ, ಮಗಳು ನಾನು ಎನ್ನುತ್ತಾಳೆ. ತೊದಲು ಮಾತಿನ ಪುಟ್ಟ ಮಗ ಒಂದು ಹುಲ್ಲುಕಡ್ಡಿ ಹಿಡಿದುಕೊಂಡು, ಇದರಿಂದಲೇ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತಾನೆ. ನಮ್ಮ ಗುಂಪಿನಲ್ಲಿ ಪ್ರಿಮ್‌ನ ಹೆಸರು ಕೂಗುವ ಅಧ್ಯಾಯವನ್ನು ಓದಿದ ದಿನ ಈ ಭಾಗವನ್ನೂ ಓದಿಸುತ್ತೇನೆ. ಎರಡರ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ: ಏಕಚಕ್ರದ ಜನ ಬಕಾಸುರನ ಊಟವನ್ನು ನಿಂತು ನೋಡಬೇಕಾಗಿರಲಿಲ್ಲ.

ಇದು ಜಪಾನಿನ 'ಬ್ಯಾಟಲ್ ರಾಯಲ್' ಕಾದಂಬರಿಯ ನಕಲಲ್ಲವೇ?

1999ರ ಆ ಕಾದಂಬರಿಯಲ್ಲಿಯೂ ಶಾಲಾಮಕ್ಕಳು ಸರ್ಕಾರದ ಬಲವಂತಕ್ಕೆ ಪರಸ್ಪರ ಕೊಲ್ಲಬೇಕಾಗುತ್ತದೆ, ಹಾಗಾಗಿ ಹೋಲಿಕೆ ಸಹಜ. ತನ್ನ ಪುಸ್ತಕದ ಹಸ್ತಪ್ರತಿಯನ್ನು ಒಪ್ಪಿಸುವವರೆಗೂ ಆ ಕೃತಿಯ ಹೆಸರನ್ನೇ ಕೇಳಿರಲಿಲ್ಲ ಎಂದು ಕಾಲಿನ್ಸ್ ಹೇಳಿದ್ದಾರೆ. ಎರಡನ್ನೂ ಓದಿದವರಿಗೆ ಅವುಗಳ ಕಾಳಜಿ ಬೇರೆ ಬೇರೆ ಎಂಬುದು ತಿಳಿಯುತ್ತದೆ. ಹಂಗರ್ ಗೇಮ್ಸ್‌ನ ಜೀವಾಳವಿರುವುದು ಕೊಲ್ಲುವವರಿಗಿಂತ ಹೆಚ್ಚಾಗಿ ನೋಡುವವರಲ್ಲಿ.

ಹೆಸರುಗಳಲ್ಲಿ ಏನಾದರೂ ಅರ್ಥವಿದೆಯೇ?

ಬೇಕಾದಷ್ಟಿದೆ, ಮತ್ತು ಅದನ್ನು ಹುಡುಕುವುದು ಅಭಿಮಾನಿಯ ದೊಡ್ಡ ಸುಖಗಳಲ್ಲೊಂದು. ರೋಮ್ ಸಾಮ್ರಾಜ್ಯದ ಕವಿ ಜುವೆನಾಲ್, ಜನರು ರಾಜಕೀಯ ಹೊಣೆಯನ್ನು ಬಿಟ್ಟುಕೊಟ್ಟು ರೊಟ್ಟಿ ಮತ್ತು ಕ್ರೀಡಾ ವಿನೋದ ಎರಡಕ್ಕೇ ಹಂಬಲಿಸುತ್ತಿದ್ದಾರೆ ಎಂದು ಹಳಿದಿದ್ದ. ಆ ಲ್ಯಾಟಿನ್ ಮಾತಿನ ಮೊದಲ ಪದವೇ 'ಪ್ಯಾನೆಮ್', ರೊಟ್ಟಿ. ಕ್ಯಾಪಿಟಲ್‌ನವರ ಹೆಸರುಗಳೂ ಸೀಸರ್, ಸೆನೆಕಾ, ಸಿನ್ನಾ, ಪ್ಲುಟಾರ್ಕ್, ಕೊರಿಯೊಲೇನಸ್ ಎಂದು ಪ್ರಾಚೀನ ರೋಮಿನ ಕಾಲವನ್ನೇ ನೆನಪಿಸುತ್ತವೆ. ದುಡಿಯುವ ಜನರ ಹೆಸರುಗಳಾದರೋ ಗಿಡಮರಗಳಿಂದ ಬಂದಂಥವು. ಕ್ಯಾಟ್ನಿಸ್ ಎಂಬುದು ನೀರಂಚಿನಲ್ಲಿ ಬೆಳೆಯುವ, ಬಾಣದ ತುದಿಯಂಥ ಎಲೆಯ, ತಿನ್ನಬಹುದಾದ ಗೆಡ್ಡೆಯ ಒಂದು ಗಿಡ. ಬಿಲ್ಲು ಹಿಡಿದು ಮನೆಯವರ ಹೊಟ್ಟೆ ಹೊರೆಯುವ ಹುಡುಗಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ.

ದೇಶದ ಹೆಸರೇ ರೊಟ್ಟಿ ಎಂದು ತಿಳಿದ ಮೇಲೆ ಪುಸ್ತಕದಲ್ಲಿ ಬರುವ ಪ್ರತಿಯೊಂದು ಬ್ರೆಡ್ಡನ್ನೂ ಗಮನಿಸಿ. ತಂದೆ ಗಣಿಯ ಸ್ಫೋಟದಲ್ಲಿ ತೀರಿಕೊಂಡ ಬಳಿಕ, ಹನ್ನೊಂದು ವರ್ಷದ ಕ್ಯಾಟ್ನಿಸ್ ಮಳೆಯಲ್ಲಿ ತೊಯ್ದು ಬೇಕರಿಯ ಹಿಂದಿನ ಕಸದ ತೊಟ್ಟಿಯಲ್ಲಿ ತಡಕಾಡುತ್ತಿರುತ್ತಾಳೆ. ಬೇಕರಿಯವನ ಮಗ, ಮುಂದೆ ಅವಳೊಡನೆಯೇ ಅಖಾಡಕ್ಕೆ ಹೋಗುವ ಪೀಟಾ ಬೇಕೆಂದೇ ಎರಡು ಬ್ರೆಡ್ಡುಗಳನ್ನು ಬೆಂಕಿಗೆ ಬೀಳಿಸಿ, ತಾಯಿಯಿಂದ ಏಟು ತಿಂದು, ಸೀದ ಆ ಬ್ರೆಡ್ಡುಗಳನ್ನು ಅವಳತ್ತ ಎಸೆಯುತ್ತಾನೆ. ಮುಂದೆ ಅಖಾಡದಲ್ಲಿ ಹನ್ನೊಂದನೆಯ ಡಿಸ್ಟ್ರಿಕ್ಟ್‌ನ ಬಡಜನರು ಕೂಡಿಸಿದ ಹಣದಿಂದ ಅವಳಿಗೆ ಬರುವುದೂ ಒಂದು ಬ್ರೆಡ್ಡೇ: ಅರ್ಧಚಂದ್ರಾಕಾರದ್ದು, ಮೇಲೆ ಬೀಜಗಳನ್ನು ಉದುರಿಸಿದ್ದು. ಆ ಬ್ರೆಡ್ಡು ಯಾವ ಊರಿನದೆಂದು ಆಕಾರ ನೋಡಿಯೇ ಅವಳಿಗೆ ಗುರುತು ಹತ್ತುತ್ತದೆ.

ಮಕ್ಕಳು ಮಕ್ಕಳನ್ನು ಕೊಲ್ಲುವ ಕಥೆಯನ್ನು ಹೀಗೆ ಹುಚ್ಚು ಹಿಡಿದವರಂತೆ ಮೆಚ್ಚುವುದು ಸರಿಯೇ?

ಅತ್ಯಂತ ಗಂಭೀರವಾದ ಪ್ರಶ್ನೆ ಇದು, ಮತ್ತು ಇದನ್ನು ಕೇಳುವ ತಂದೆತಾಯಿಯರ ಬಗ್ಗೆ ನನಗೆ ಗೌರವವಿದೆ. ಅಮೆರಿಕದ ಗ್ರಂಥಾಲಯ ಸಂಘವು ಪ್ರಕಟಿಸುವ, ಅತಿ ಹೆಚ್ಚು ಆಕ್ಷೇಪಣೆಗೆ ಗುರಿಯಾದ ಹತ್ತು ಪುಸ್ತಕಗಳ ಪಟ್ಟಿಯಲ್ಲಿ ಈ ಸರಣಿಯ ಹೆಸರು 2010, 2011 ಮತ್ತು 2013ರಲ್ಲಿ ಕಾಣಿಸಿಕೊಂಡಿತ್ತು. ಹಿಂಸೆ ಇದೆ, ನಿಜ. ಆದರೆ ಈ ಪುಸ್ತಕಗಳಲ್ಲಿ ಯಾವ ಸಾವೂ ಚಪ್ಪಾಳೆಗಾಗಿ ಬರೆದದ್ದಲ್ಲ. ಚಪ್ಪಾಳೆ ತಟ್ಟುವವರು ಕಥೆಯೊಳಗೇ ಇದ್ದಾರೆ ಮತ್ತು ಅವರನ್ನು ಕಂಡರೆ ನಮಗೆ ಹೇಸಿಗೆಯಾಗುತ್ತದೆ.

ಒಂದು ಸಣ್ಣ ದೃಶ್ಯವನ್ನು ಹತ್ತಿರದಿಂದ ನೋಡೋಣ. ಅಖಾಡದ ಮೊದಲ ರಾತ್ರಿಯನ್ನು ಕ್ಯಾಟ್ನಿಸ್ ಮರದ ಮೇಲೆ ಕಳೆಯುತ್ತಾಳೆ. ಪೀಟಾ ಶತ್ರುಗಳ ಗುಂಪಿನೊಡನೆ ಸೇರಿದ್ದಾನೆಂಬುದು ಆಗಷ್ಟೇ ತಿಳಿದು ಅವಳ ಎದೆ ಕುದಿಯುತ್ತಿದೆ. ಆದರೂ ಎಲೆಗಳ ಮರೆಯಿಂದ ಹೊರಬರುವಾಗ, ಕ್ಯಾಮೆರಾ ಈಗ ತನ್ನ ಮುಖದ ಮೇಲಿರಬಹುದು ಎಂದು ಲೆಕ್ಕ ಹಾಕಿ, ಬೆಳಗಿನ ಬೆಳಕು ಮುಖಕ್ಕೆ ಬೀಳುವಂತೆ ಕ್ಷಣಕಾಲ ನಿಂತು, ಎಲ್ಲ ಗೊತ್ತಿದ್ದವಳಂತೆ ಮುಗುಳ್ನಗುತ್ತಾಳೆ. ಹಾಗೆ ನಕ್ಕರೆ ನೋಡುಗರಿಗೆ ಕುತೂಹಲ ಹುಟ್ಟುತ್ತದೆ, ಕುತೂಹಲ ಹುಟ್ಟಿದರೆ ಹಣವಂತರು ಔಷಧವನ್ನೋ ಆಹಾರವನ್ನೋ ಬೆಳ್ಳಿಯ ಬಣ್ಣದ ಪ್ಯಾರಾಚೂಟ್‌ನಲ್ಲಿ ಕಳುಹಿಸುತ್ತಾರೆ. ಅಳುವಿಗೂ ನಗುವಿಗೂ ಹೀಗೆ ಬೆಲೆ ಕಟ್ಟುವ ಲೋಕವನ್ನು ಲೇಖಕಿ 2008ರಲ್ಲೇ ಬರೆದಿಟ್ಟರು. ಮೊಬೈಲ್ ಕ್ಯಾಮೆರಾದ ಮುಂದೆ ಬೆಳೆಯುತ್ತಿರುವ ಮಕ್ಕಳಿಗೆ ಆ ಮುಗುಳ್ನಗೆಯ ಅರ್ಥ ನಮಗಿಂತ ಬೇಗ ತಿಳಿಯುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಆದ್ದರಿಂದ ಮೆಚ್ಚುವುದು ತಪ್ಪಲ್ಲ. ಕ್ಯಾಪಿಟಲ್‌ನ ನೋಡುಗರಂತೆ ಮೆಚ್ಚಬಾರದು, ಅಷ್ಟೇ. 2013ರಲ್ಲಿ ಎರಡನೆಯ ಸಿನಿಮಾ ಬಂದಾಗ ಕ್ಯಾಪಿಟಲ್‌ನ ಹೆಸರಿನಲ್ಲೇ ಸೌಂದರ್ಯವರ್ಧಕಗಳನ್ನು ಮಾರಾಟಕ್ಕೆ ಇಡಲಾಗಿತ್ತು. ಅವುಗಳ ಜಾಹೀರಾತನ್ನು ಕಂಡಾಗ ನನಗಾದ ಬೇಸರ ಇನ್ನೂ ಹೋಗಿಲ್ಲ.

ವಯಸ್ಸಿನ ವಿಚಾರದಲ್ಲಿ ನನ್ನ ಅಭಿಪ್ರಾಯ ಹೀಗಿದೆ: ಹನ್ನೆರಡು ತುಂಬಿದ, ಓದಿನ ಅಭ್ಯಾಸವಿರುವ ಮಗು ಮೊದಲ ಎರಡು ಪುಸ್ತಕಗಳನ್ನು ಓದಬಹುದು. ಮೂರನೆಯದು ಯುದ್ಧದ ಪುಸ್ತಕ, ಅದರ ನೋವು ಬೇರೆ ಬಗೆಯದು. ಅದಕ್ಕೆ ಇನ್ನೊಂದೆರಡು ವರ್ಷ ಕಾಯುವುದು, ಮತ್ತು ಮನೆಯಲ್ಲಿ ದೊಡ್ಡವರೊಬ್ಬರು ಜೊತೆಗೇ ಓದುವುದು ಒಳ್ಳೆಯದು.

ನೀವು ಪೀಟಾನ ಕಡೆಯೋ, ಗೇಲ್‌ನ ಕಡೆಯೋ?

ಪೀಟಾನ ಕಡೆ. ಆದರೆ ಈ ಪ್ರಶ್ನೆಯನ್ನು ಕೇಳಿದಾಗಲೆಲ್ಲ ನನಗೆ ಆ ಗುಹೆಯ ದೃಶ್ಯ ನೆನಪಾಗುತ್ತದೆ. ಗಾಯಗೊಂಡ ಪೀಟಾನಿಗೆ ಕ್ಯಾಟ್ನಿಸ್ ಒಂದು ಮುತ್ತು ಕೊಟ್ಟ ಕೂಡಲೇ ಗುಹೆಯ ಹೊರಗೆ ಒಂದು ಪಾತ್ರೆ ಬಿಸಿ ಸೂಪು ಇಳಿಯುತ್ತದೆ. ಒಂದು ಮುತ್ತಿಗೆ ಒಂದು ಪಾತ್ರೆ ಸೂಪು ಎಂದು ಹೇಮಿಚ್ ತಿಳಿಸುತ್ತಿದ್ದಾನೆಂದು ಅವಳಿಗೆ ಅರ್ಥವಾಗುತ್ತದೆ. ಅವಳು ಯಾರನ್ನು ಮದುವೆಯಾಗಬೇಕೆಂದು ನಾವು ಬಣ ಕಟ್ಟಿಕೊಂಡು ಜಗಳವಾಡುವಾಗ, ಆ ಸೂಪಿಗೆ ಹಣ ಕೊಟ್ಟವರ ಸಾಲಿನಲ್ಲಿ ನಾವೂ ನಿಂತಿರುತ್ತೇವೆ. ವಾದ ಮಾಡುವುದಿದ್ದರೆ ಇಬ್ಬರ ಸ್ವಭಾವದ ಮೇಲೆ ಮಾಡಿ: ಹಿಂಸೆಗೆ ಹಿಂಸೆಯೇ ಉತ್ತರವೆನ್ನುವ ಗೇಲ್ ಮತ್ತು ತನ್ನತನವನ್ನು ಬಿಟ್ಟುಕೊಡದೆ ಸಾಯಬೇಕೆನ್ನುವ ಪೀಟಾ, ಇಬ್ಬರ ಮಾತಿನಲ್ಲೂ ತೂಕವಿದೆ.

ರೂ ಎಂಬ ಪುಟ್ಟ ಹುಡುಗಿಯ ಪಾತ್ರದ ಬಗ್ಗೆ ವಿವಾದವಾಗಿತ್ತಂತೆ, ಏನದು?

ರೂ ಹನ್ನೊಂದನೆಯ ಡಿಸ್ಟ್ರಿಕ್ಟ್‌ನ ಹನ್ನೆರಡು ವರ್ಷದ ಹುಡುಗಿ. ಅವಳ ಮೈಬಣ್ಣ ಕಡುಕಂದು ಎಂದು ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದೆ. 2012ರಲ್ಲಿ ಮೊದಲ ಸಿನಿಮಾ ಬಂದಾಗ ಆ ಪಾತ್ರವನ್ನು ಕಪ್ಪು ವರ್ಣದ ಬಾಲನಟಿ ಅಮಾಂಡ್ಲಾ ಸ್ಟೆನ್‌ಬರ್ಗ್ ಮಾಡಿದ್ದಕ್ಕೆ, ಅಭಿಮಾನಿಗಳೆಂದು ಹೇಳಿಕೊಂಡವರೇ ಟ್ವಿಟರ್‌ನಲ್ಲಿ ಕೆಟ್ಟದಾಗಿ ಬರೆದರು. ಅವಳ ಸಾವಿಗೆ ಪುಸ್ತಕದಲ್ಲಿ ಅತ್ತಷ್ಟು ಸಿನಿಮಾದಲ್ಲಿ ಅಳಲಾಗಲಿಲ್ಲ ಎಂಬರ್ಥದ ಮಾತುಗಳೂ ಬಂದವು. ಕಣ್ಣೆದುರಿನ ಪುಟದಲ್ಲಿ ಅಚ್ಚಾಗಿದ್ದ ಪದವನ್ನು ದಾಟಿಹೋಗಿ, ತಮಗೆ ಬೇಕಾದ ಬಣ್ಣವನ್ನು ಬಳಿದುಕೊಂಡೇ ಅವರೆಲ್ಲ ಓದಿದ್ದರು.

ಇದನ್ನು ಅಮೆರಿಕದವರ ತಪ್ಪೆಂದು ಬದಿಗಿಡಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಗುಂಪಿನಲ್ಲಿ ಒಮ್ಮೆ ಎಲ್ಲರಿಗೂ ರೂಳ ಚಿತ್ರ ಬರೆಯಲು ಹೇಳಿದ್ದೆ. ಬಂದ ಏಳು ಚಿತ್ರಗಳಲ್ಲಿ ಐದರಲ್ಲಿ ಅವಳು ಬೆಳ್ಳಗಿದ್ದಳು. ಯಾರನ್ನೂ ಗದರಿಸದೆ ಆ ಪುಟವನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿಸಿದೆ. ಒಬ್ಬ ಹುಡುಗಿ ಮರುಮಾತಿಲ್ಲದೆ ಕಂದು ಬಣ್ಣದ ಪೆನ್ಸಿಲ್ ತೆಗೆದುಕೊಂಡಳು. ಹನ್ನೊಂದನೆಯ ಡಿಸ್ಟ್ರಿಕ್ಟ್ ಹೊಲ ತೋಟಗಳ ನಾಡು. ಅಲ್ಲಿ ಬೆಳೆಯುವವರು ತಾವು ಬೆಳೆದದ್ದನ್ನು ತಿಂದರೆ ಎಲ್ಲರೆದುರು ಚಾಟಿ ಏಟು ಬೀಳುತ್ತದೆ. ಹಣ್ಣು ಕೀಳಲು ಮರದ ತುತ್ತತುದಿಗೆ ಹತ್ತುವ ರೂ, ದಿನದ ಕೆಲಸ ಮುಗಿಯಿತೆಂಬ ಸುದ್ದಿಯನ್ನು ನಾಲ್ಕು ಸ್ವರಗಳ ಒಂದು ರಾಗದಲ್ಲಿ ಹಾಡಿ ಹಕ್ಕಿಗಳ ಮೂಲಕ ತೋಟಕ್ಕೆಲ್ಲ ಮುಟ್ಟಿಸುತ್ತಾಳೆ. ಆ ಹಕ್ಕಿಯೇ ಮಾಕಿಂಗ್‌ಜೇ. ಬೇಹುಗಾರಿಕೆಗೆಂದು ಕ್ಯಾಪಿಟಲ್ ಸೃಷ್ಟಿಸಿದ ಹಕ್ಕಿಗಳು ಕಾಡಿನ ಹಕ್ಕಿಗಳೊಡನೆ ಕೂಡಿ, ಯಾರ ಅಪ್ಪಣೆಯೂ ಇಲ್ಲದೆ ಹುಟ್ಟಿಕೊಂಡ ತಳಿ ಅದು. ಬಣ್ಣ, ದುಡಿಮೆ, ಹಾಡು ಇವು ಮೂರನ್ನೂ ಬೇರ್ಪಡಿಸಿ ರೂಳನ್ನು ಅರ್ಥ ಮಾಡಿಕೊಳ್ಳಲು ಸಾಧ್ಯವಿಲ್ಲ.

ಸಿನಿಮಾಗಳನ್ನು ನೋಡಿದರೆ ಸಾಲದೇ?

ಸಾಲದು, ಆದರೆ ಸಿನಿಮಾಗಳು ಚೆನ್ನಾಗಿವೆ. ಮೊದಲನೆಯದನ್ನು ಗ್ಯಾರಿ ರಾಸ್ ನಿರ್ದೇಶಿಸಿದರು. 2013ರಿಂದ ಬಂದವುಗಳನ್ನೆಲ್ಲ ಫ್ರಾನ್ಸಿಸ್ ಲಾರೆನ್ಸ್ ನಿರ್ದೇಶಿಸಿದ್ದಾರೆ. ಕ್ಯಾಟ್ನಿಸ್ ಆಗಿ ಜೆನಿಫರ್ ಲಾರೆನ್ಸ್ ಅವರ ಅಭಿನಯದಲ್ಲಿ ನನಗೆ ಯಾವ ಕೊರತೆಯೂ ಕಾಣುವುದಿಲ್ಲ. ಹನ್ನೆರಡನೆಯ ಡಿಸ್ಟ್ರಿಕ್ಟ್‌ನ ಬಡ ಕೇರಿಯಾಗಿ ಕಾಣುವುದು ಉತ್ತರ ಕೆರೊಲಿನಾದ ಹೆನ್ರಿ ರಿವರ್ ಎಂಬ, ಬಟ್ಟೆ ಗಿರಣಿ ಮುಚ್ಚಿದ ಮೇಲೆ ಜನ ಬಿಟ್ಟುಹೋದ ನಿಜವಾದ ಊರು.

ಪುಸ್ತಕದಲ್ಲಿ ಎಲ್ಲವನ್ನೂ ಕ್ಯಾಟ್ನಿಸ್ ತಾನೇ, ವರ್ತಮಾನ ಕಾಲದಲ್ಲಿ ಹೇಳುತ್ತಾಳೆ. ಮುಂದಿನ ವಾಕ್ಯದಲ್ಲಿ ತಾನು ಬದುಕಿರುತ್ತೇನೋ ಇಲ್ಲವೋ ಎಂಬುದು ಅವಳಿಗೇ ತಿಳಿಯದು. ಆ ಉಸಿರುಗಟ್ಟುವ ಹತ್ತಿರ ತೆರೆಯ ಮೇಲೆ ಬರುವುದಿಲ್ಲ. ಬಿಟ್ಟುಹೋದ ಸಂಗತಿಗಳೂ ಇವೆ. ಮಾಕಿಂಗ್‌ಜೇ ಪಿನ್ನನ್ನು ಪುಸ್ತಕದಲ್ಲಿ ಕ್ಯಾಟ್ನಿಸಳಿಗೆ ಕೊಡುವವಳು ಮೇಯರ್‌ನ ಮಗಳು ಮ್ಯಾಜ್. ಆ ಪಿನ್ನು ಐವತ್ತನೆಯ ಆಟದಲ್ಲಿ ಸತ್ತ ಅವಳ ಚಿಕ್ಕಮ್ಮನದ್ದೆಂದು ಎರಡನೆಯ ಪುಸ್ತಕದಲ್ಲಿ ತಿಳಿಯುತ್ತದೆ, ಮತ್ತು ಆ ಚಿಕ್ಕಮ್ಮನನ್ನು ನಾವು ಐದನೆಯ ಪುಸ್ತಕದಲ್ಲಿ ಮುಖಾಮುಖಿಯಾಗುತ್ತೇವೆ. ಸಿನಿಮಾದಲ್ಲಿ ಮ್ಯಾಜ್ ಇಲ್ಲವೇ ಇಲ್ಲ. ಪಿನ್ನು ಸಂತೆಯಲ್ಲಿ ಸಿಗುತ್ತದೆ. ಮೊದಲ ಪುಸ್ತಕದ ಕೊನೆಗೆ ಪೀಟಾ ಒಂದು ಕಾಲನ್ನು ಕಳೆದುಕೊಳ್ಳುತ್ತಾನೆ. ಸಿನಿಮಾದ ಪೀಟಾನಿಗೆ ಎರಡು ಕಾಲೂ ಇವೆ. ಗೆದ್ದವರಿಗೂ ಆ ಆಟ ಏನು ಮಾಡುತ್ತದೆ ಎಂಬುದನ್ನು ಹೇಳುತ್ತಿದ್ದ ಒಂದು ಗುರುತು ಅಳಿಸಿಹೋದದ್ದು ನನಗೆ ದೊಡ್ಡ ನಷ್ಟವಾಗಿಯೇ ಕಾಣುತ್ತದೆ.

ಮೂರು ಬೆರಳಿನ ಸನ್ನೆಯ ಅರ್ಥವೇನು? ಅದನ್ನು ನಾವೂ ಮಾಡಬಹುದೇ?

ಎಡಗೈಯ ನಡುವಿನ ಮೂರು ಬೆರಳುಗಳನ್ನು ತುಟಿಗೆ ಮುಟ್ಟಿಸಿ ಮುಂದಕ್ಕೆ ಚಾಚುವುದು ಹನ್ನೆರಡನೆಯ ಡಿಸ್ಟ್ರಿಕ್ಟ್‌ನ ಹಳೆಯ, ಬಹುಪಾಲು ಮರೆತುಹೋದ ಪದ್ಧತಿ. ಶವಸಂಸ್ಕಾರದಲ್ಲಿ ಮಾತ್ರ ಅಲ್ಲೊಮ್ಮೆ ಇಲ್ಲೊಮ್ಮೆ ಕಾಣುವಂಥದ್ದು. ಕೃತಜ್ಞತೆ, ಮೆಚ್ಚುಗೆ, ಪ್ರೀತಿಪಾತ್ರರಿಗೆ ವಿದಾಯ, ಈ ಮೂರೂ ಅದರಲ್ಲಿವೆ. ತಂಗಿಯ ಬದಲಿಗೆ ನಿಂತ ಕ್ಯಾಟ್ನಿಸಳಿಗೆ ಚಪ್ಪಾಳೆ ತಟ್ಟಿರೆಂದಾಗ ಜನ ಚಪ್ಪಾಳೆ ತಟ್ಟದೆ ಈ ಸನ್ನೆ ಮಾಡಿ ಮೌನವಾಗಿ ನಿಲ್ಲುತ್ತಾರೆ.

ಅದು ಪುಸ್ತಕದಿಂದ ಹೊರಬಂದು ನಿಜವಾದ ಬೀದಿಗೂ ಇಳಿಯಿತು. ಥಾಯ್ಲೆಂಡಿನಲ್ಲಿ 2014ರ ಮೇ ತಿಂಗಳಲ್ಲಿ ಸೇನೆ ಅಧಿಕಾರ ಹಿಡಿದಾಗ ಪ್ರತಿಭಟನಕಾರರು ಮೂರು ಬೆರಳನ್ನೆತ್ತಿ ನಿಂತರು. ಹಾಗೆ ಮಾಡಿದ ವಿದ್ಯಾರ್ಥಿಗಳನ್ನು ವಶಕ್ಕೆ ತೆಗೆದುಕೊಳ್ಳಲಾಯಿತು. 2021ರಲ್ಲಿ ಮ್ಯಾನ್ಮಾರ್‌ನ ಸೇನಾ ಕ್ಷಿಪ್ರಕ್ರಾಂತಿಯ ವಿರುದ್ಧವೂ ಅದೇ ಸನ್ನೆ ಎದ್ದಿತು. ಅದಕ್ಕಾಗಿ ಸೆರೆಮನೆ ಕಂಡವರಿದ್ದಾರೆ ಎಂಬ ಅರಿವಿದ್ದರೆ ಸೆಲ್ಫಿಗಾಗಿ ಬೆರಳೆತ್ತಲು ಕೈ ತಾನಾಗಿ ಹಿಂಜರಿಯುತ್ತದೆ. ನಮ್ಮ ಗುಂಪಿನಲ್ಲಿ ನಾವು ಅದನ್ನು ಒಂದೇ ಒಂದು ಸಲ ಮಾಡಿದ್ದೇವೆ, ರೂಳ ಅಧ್ಯಾಯ ಮುಗಿದ ಸಂಜೆ. ಒಳಗೆ ಕುಕ್ಕರ್ ಕೂಗುತ್ತಿತ್ತು, ಯಾರೂ ಎದ್ದು ಹೋಗಲಿಲ್ಲ.

ಕನ್ನಡದಲ್ಲಿ ಫ್ಯಾನ್ ಫಿಕ್ಷನ್ ಬರೆಯಬಹುದೇ? ಭಾಷಾಂತರ?

ಬರೆಯಿರಿ. ನಿಮ್ಮ ಭಾಷೆಯಲ್ಲಿ ಒಂದು ಪಾತ್ರವನ್ನು ಮಾತಾಡಿಸಿದಾಗ ಅದು ನಿಮಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎಂಬುದು ಬಯಲಾಗುತ್ತದೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಸಂಬೋಧನೆ. ಕನ್ನಡದಲ್ಲಿ ಮೊದಲ ವಾಕ್ಯಕ್ಕೇ ನೀನು, ನೀವು ಎಂಬ ತೀರ್ಮಾನ ಮಾಡಬೇಕು. ಕುಡಿದು ತೂರಾಡುವ ಹೇಮಿಚ್‌ನನ್ನು ಕ್ಯಾಟ್ನಿಸ್ ರೈಲಿನಲ್ಲಿ ನೀವು ಎನ್ನುತ್ತಾಳೆಯೇ? ಆ ಸಿಟ್ಟಿನಲ್ಲಿ ನನಗೆ ಕೇಳಿಸುವುದು ನೀನು ಎಂದೇ. ಪೀಟಾ ಮಾತ್ರ ಕೊನೆಯವರೆಗೂ ನೀವು ಎನ್ನುತ್ತಿರಬೇಕು. ಸ್ನೋ ಅವಳನ್ನು ಮಿಸ್ ಎವರ್‌ಡೀನ್ ಎಂದೇ ಕರೆಯುವುದರಿಂದ ಅವನದು ನಯವಾದ, ಬೆನ್ನು ತಣ್ಣಗಾಗಿಸುವ ನೀವು. ಈ ಒಂದು ವಿಷಯದ ಮೇಲೆ ನಾವು ಎರಡು ಭಾನುವಾರ ಚರ್ಚಿಸಿದ್ದೇವೆ. ಕ್ಯಾಪಿಟಲ್‌ನವರಿಗೆ ಗ್ರಾಂಥಿಕ ಕನ್ನಡ, ಡಿಸ್ಟ್ರಿಕ್ಟ್‌ಗಳಿಗೆ ನಮ್ಮ ಸೀಮೆಯ ಮಾತುಗಳು ಎಂದು ಹಂಚುವುದಾದರೆ, ಯಾವ ಸೀಮೆಯ ಮಾತೂ ನಗೆಪಾಟಲಿಗೆ ಈಡಾಗದಂತೆ ಎಚ್ಚರವಹಿಸಿ.

ಭಾಷಾಂತರದ ವಿಚಾರ ಬೇರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಭಾಷಾಂತರದ ಹಕ್ಕು ಕೃತಿಸ್ವಾಮ್ಯ ಉಳ್ಳವರದ್ದು. ಅಭ್ಯಾಸಕ್ಕೆಂದು ನಿಮ್ಮ ನೋಟ್‌ಬುಕ್ಕಿನಲ್ಲಿ ಒಂದು ಅಧ್ಯಾಯವನ್ನು ಕನ್ನಡಿಸಿ ನೋಡಿ, ಅದು ಅತ್ಯುತ್ತಮ ಓದು; ಅನುಮತಿಯಿಲ್ಲದೆ ಅದನ್ನು ಪ್ರಕಟಿಸಬೇಡಿ.

ಪುಸ್ತಕ ಎಲ್ಲಿ ಸಿಗುತ್ತದೆ? ಗುಂಪಾಗಿ ಓದುವುದಾದರೆ ಹೇಗೆ?

ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಪುಸ್ತಕದಂಗಡಿಗಳಲ್ಲಿ ಹೊಸ ಪ್ರತಿಗಳ ಜೊತೆ ಓದಿ ಬಿಟ್ಟ ಪ್ರತಿಗಳನ್ನೂ ಹುಡುಕಬಹುದು. ಓದಿ ಬಿಟ್ಟದ್ದನ್ನು ಕೊಳ್ಳುವುದು ನನಗಿಷ್ಟ. ಫುಟ್‌ಪಾತಿನ ಕಳ್ಳ ಅಚ್ಚಿನ ಪ್ರತಿಗಳನ್ನು ಕೊಳ್ಳಬೇಡಿ. ಹಾಗೆ ಕೊಂಡ ಒಂದರಲ್ಲಿ ಗುಹೆಯ ಭಾಗದ ಹದಿನಾರು ಪುಟಗಳು ಎರಡು ಸಲ ಬಂದು, ಮುಂದಿನ ಹದಿನಾರು ಇರಲೇ ಇಲ್ಲ.

ಮೊದಲ ಮೂರೂ ಪುಸ್ತಕಗಳಲ್ಲಿ ಒಂದೊಂದಕ್ಕೂ ಮೂರು ಭಾಗ, ಭಾಗಕ್ಕೆ ಒಂಬತ್ತು ಅಧ್ಯಾಯ, ಒಟ್ಟು 27. ವಾರಕ್ಕೆ ಮೂರು ಅಧ್ಯಾಯದಂತೆ ಒಂಬತ್ತು ವಾರಕ್ಕೆ ಒಂದು ಪುಸ್ತಕ ಮುಗಿಯುತ್ತದೆ. ಪ್ರತಿ ಅಧ್ಯಾಯ ಕುತೂಹಲದ ತುದಿಯಲ್ಲೇ ನಿಲ್ಲುವುದರಿಂದ ಕೆಲವರು ಮುಂದೆ ಓದಿಬಿಡುತ್ತಾರೆ. ಓದಲಿ, ಆದರೆ ಬಾಯಿ ಬಿಡಬಾರದೆಂಬ ಒಪ್ಪಂದವನ್ನು ಮೊದಲ ದಿನವೇ ಮಾಡಿಕೊಳ್ಳಿ.

ಮಗಳ ಹುಟ್ಟುಹಬ್ಬಕ್ಕೆ ಹಂಗರ್ ಗೇಮ್ಸ್ ಆಟ ಆಡಿಸಬಹುದೇ?

ಚೀಟಿ ಎತ್ತಿ, ಒಬ್ಬೊಬ್ಬರನ್ನೇ ಸಾಯಿಸಿ, ಉಳಿದವರು ಸುತ್ತ ನಿಂತು ಕೂಗುವ ಆಟವಾದರೆ ಬೇಡ. ಪುಸ್ತಕವನ್ನು ಓದಿದ ಮಗುವಿಗೆ ಅದು ಬೇಡವೆಂಬುದು ತಾನಾಗಿಯೇ ತಿಳಿದಿರುತ್ತದೆ. ಬಿಲ್ಲುಗಾರಿಕೆ ಆಡಿಸಿ, ಗಂಟು ಹಾಕುವುದನ್ನು ಕಲಿಸಿ, ಹಿತ್ತಿಲಿನ ಹತ್ತು ಸೊಪ್ಪುಗಳನ್ನು ಗುರುತಿಸುವ ಸ್ಪರ್ಧೆ ಇಡಿ.

ಅಕ್ಕನ ಮಗಳ ಹದಿನಾರನೆಯ ಹುಟ್ಟುಹಬ್ಬಕ್ಕೆ ನಾವು ಮಾಡಿದ್ದು ರೊಟ್ಟಿಯ ಹಬ್ಬ. ಪ್ರತಿ ಡಿಸ್ಟ್ರಿಕ್ಟ್‌ಗೂ ಅದರದೇ ಬ್ರೆಡ್ಡು ಇರುವಂತೆ, ಬರುವವರು ತಮ್ಮ ಮನೆಯ ರೊಟ್ಟಿಯನ್ನೇ ತರಬೇಕು, ಅದನ್ನು ಯಾರು ತಟ್ಟಿದರು, ಹಿಟ್ಟು ಎಲ್ಲಿಯದು ಎಂಬುದನ್ನು ಹೇಳಿ ಎಲೆಯ ಮೇಲಿಡಬೇಕು ಎಂದು ಹೇಳಿದ್ದೆವು. ವಿಜಯಪುರದ ಕಡೆಯ ಹುಡುಗಿ ಎಳ್ಳು ಹಚ್ಚಿದ ಕಟಕ್ ಸಜ್ಜೆ ರೊಟ್ಟಿ ತಂದಳು, ಮಡಿಕೇರಿಯ ಹುಡುಗ ಅಕ್ಕಿರೊಟ್ಟಿ ತಂದ, ಪಕ್ಕದ ಬೀದಿಯ ಹುಡುಗನೊಬ್ಬ ಅಪ್ಪನ ಬೇಕರಿಯಿಂದ ಇನ್ನೂ ಬಿಸಿಯಾಗಿದ್ದ ಬನ್ನು ತಂದ. ಕೊನೆಗೆ ಬಂದ ಹುಡುಗಿಯ ಡಬ್ಬಿಯಲ್ಲಿ ಒಂದು ಬದಿ ಸೀದುಹೋದ ಎರಡು ರಾಗಿ ರೊಟ್ಟಿಗಳಿದ್ದವು. ತಾನೇ ಮೊದಲ ಸಲ ತಟ್ಟಿದ್ದೆಂದು ಅವಳು ನಾಚಿಕೊಂಡು ಹೇಳಿದಳು. ಉಳಿದ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮೊದಲು ಆ ಎರಡನ್ನೇ ಮುರಿದು ಹಂಚಿಕೊಂಡರು.